ಒಂದೇ ಹೊಗೆಗೆ ನಾಲ್ಕು ಸೆನ್ಸರ್: ಸ್ಮೋಕ್ ಅಲಾರಂ ಪರೀಕ್ಷಾ ಪೆಟ್ಟಿಗೆ ಕಟ್ಟುವ ದಾಖಲೆ

ಮನೆಯ ಅಲಾರಂಗಳಲ್ಲಿ ಬಳಕೆಯಲ್ಲಿರುವ ಸೆನ್ಸರ್‌ಗಳು ನಾಲ್ಕು ಬಗೆ: ಅಯಾನು (ವಿದ್ಯುದಂಶ ಹೊತ್ತ ಕಣ) ಕೋಣೆ, ಬೆಳಕು ಚದುರುವ ಕೋಣೆ, ಥರ್ಮಿಸ್ಟರ್ (ಬಿಸಿಗೆ ತಕ್ಕಂತೆ ವಿದ್ಯುತ್ ರೋಧ ಬದಲಾಗುವ ಬಿಡಿಭಾಗ) ಮತ್ತು ಕಾರ್ಬನ್ ಮಾನಾಕ್ಸೈಡ್ ಸೆಲ್. ಇವುಗಳಲ್ಲಿ ಯಾವುದೂ ನೇರವಾಗಿ ಬೆಂಕಿಯನ್ನು ಅಳೆಯುವುದಿಲ್ಲ. ಒಂದು ಅತಿಸಣ್ಣ ವಿದ್ಯುತ್ ಹರಿವು ತಗ್ಗಿದ್ದನ್ನು ಗಮನಿಸುತ್ತದೆ, ಒಂದು ಕಣಗಳಿಗೆ ಬಡಿದು ಚದುರಿದ ಬೆಳಕನ್ನು, ಒಂದು ಬಿಸಿಯನ್ನು, ಒಂದು ಅನಿಲವನ್ನು. ಬೆಂಕಿ ಇದೆ ಎನ್ನುವುದು ಆ ಅಳತೆಯಿಂದ ಮಾಡಿದ ಊಹೆ. ಯಾವ ಬೆಂಕಿಯಲ್ಲಿ ಯಾರ ಊಹೆ ಬೇಗ ಕೈಗೂಡುತ್ತದೆ ಎಂದು ತಿಳಿಯಬೇಕಾದರೆ ನಾಲ್ಕನ್ನೂ ಒಂದೇ ಹೊಗೆಯಲ್ಲಿ ನಿಲ್ಲಿಸಿ, ಆ ಹೊಗೆ ಎಷ್ಟು ದಟ್ಟವಾಗಿದೆ ಎಂಬುದನ್ನು ಬೇರೆಯೇ ಉಪಕರಣದಿಂದ ಅಳೆಯಬೇಕು. ಈ ಪೆಟ್ಟಿಗೆ ಇರುವುದು ಅದಕ್ಕಾಗಿ.

ಒಂದು ಮಾತು ಮೊದಲೇ ಹೇಳಬೇಕು. ಇಲ್ಲಿ ಕಟ್ಟುವ ಸರ್ಕ್ಯೂಟ್ ಅಳತೆಗೆ ಮಾತ್ರ. ಮನೆಯ ಸೂರಿನಲ್ಲಿ ಇರಬೇಕಾದದ್ದು ಪ್ರಮಾಣೀಕೃತ ಅಲಾರಂ. ಅದರ ಜಾಗಕ್ಕೆ ಇದನ್ನು ತರಬೇಡಿ. ಬ್ಯಾಟರಿ ಮುಗಿಯುತ್ತಿದೆ, ಸೆನ್ಸರಿನ ಕೋಣೆ ಕೊಳೆಯಾಗಿದೆ, ಎಲ್‌ಇಡಿ ಸತ್ತಿದೆ ಎಂದು ತಾನೇ ಹೇಳಿಕೊಳ್ಳುವ ವ್ಯವಸ್ಥೆ ಇಲ್ಲದ ಯಾವ ಅಲಾರಮ್ಮನ್ನೂ ನಂಬಿ ಮಲಗುವಂತಿಲ್ಲ.

ಪೆಟ್ಟಿಗೆ ಮತ್ತು ಹೊಗೆಯ ದಾರಿ

9 ಮಿಮೀ ಪ್ಲೈವುಡ್‌ನಲ್ಲಿ ಒಳಅಳತೆ 650 × 350 × 350 ಮಿಮೀ ಇರುವ ಪೆಟ್ಟಿಗೆ ಮಾಡಿ. ಸುಮಾರು 80 ಲೀಟರ್ ಗಾಳಿ ಹಿಡಿಯುತ್ತದೆ. ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ ಸುಲಭವಾಗಿ ಸಿಗುತ್ತದೆ ನಿಜ, ಆದರೆ ಅದರ ಗೋಡೆಯಲ್ಲಿ ಸ್ಥಿರವಿದ್ಯುತ್ ಕೂತು ಹೊಗೆಯ ಕಣಗಳನ್ನು ಎಳೆದುಕೊಳ್ಳುತ್ತದೆ. ಹೊಗೆಯ ದಟ್ಟಣೆ ತಾನಾಗಿ ಇಳಿಯುತ್ತಾ ಹೋಗಿ ಅಳತೆ ಕೆಡುತ್ತದೆ. ಒಳಗೋಡೆಗೆ ಹೊಳಪಿಲ್ಲದ ಕಪ್ಪು ಬಣ್ಣ, ಮುಂದೆ 4 ಮಿಮೀ ಗಾಜು, ಮುಚ್ಚಳದ ಅಂಚಿಗೆ ಫೋಮ್ ಪಟ್ಟಿ. ಒಂದು ತುದಿಯ ಕೆಳಗೆ ಹೊಗೆ ಒಳಬರುವ 40 ಮಿಮೀ ತೂತು, ಎದುರು ತುದಿಯ ಮೇಲೆ ಅಷ್ಟೇ ದೊಡ್ಡ ಹೊರದಾರಿ.

ಒಳಗೆ ಗಾಳಿ ಬೆರೆಸಲು 80 ಮಿಮೀಯ 12 ವೋಲ್ಟ್ ಫ್ಯಾನನ್ನು 5 ವೋಲ್ಟ್‌ನಲ್ಲಿ ಓಡಿಸಿ, ಅದರ ಮುಖ ಗೋಡೆಯ ಕಡೆಗಿರಲಿ. ಅಲಾರಂಗಳ ಬಳಿ 100 ಮಿಮೀ ಉದ್ದದ ನೂಲು ಇಳಿಬಿಟ್ಟು ನೋಡಿ: ಅದು ಮೆಲ್ಲನೆ ತೂಗಬೇಕು, ಪಕ್ಕಕ್ಕೆ ಎಳೆದು ನಿಲ್ಲಬಾರದು. ಇದು ಅಚ್ಚುಕಟ್ಟುತನಕ್ಕಾಗಿ ಹೇಳುವ ಮಾತಲ್ಲ. ಜೋರು ಗಾಳಿ ಅಯಾನು ಕೋಣೆಯೊಳಗಿನ ಅಯಾನುಗಳನ್ನೇ ಹೊರಗೆ ಒಯ್ಯುತ್ತದೆ, ಹೊಗೆಯೇ ಇಲ್ಲದೆ ಅಲಾರಂ ಕೂಗುತ್ತದೆ.

ಉರಿಸುವ ಕೆಲಸ ಪೆಟ್ಟಿಗೆಯ ಹೊರಗೆ, ಬಯಲಿನಲ್ಲಿ ನಡೆಯಬೇಕು. ಮುಚ್ಚಳವಿರುವ 10 ಲೀಟರಿನ ಲೋಹದ ಬಕೆಟ್, ಅದರ ಮುಚ್ಚಳದಿಂದ ಪೆಟ್ಟಿಗೆಗೆ 300 ಮಿಮೀ ಉದ್ದದ ಲೋಹದ ಕೊಳವೆ. ಕೊಳವೆ ಇದಕ್ಕಿಂತ ಉದ್ದವಾದರೆ ಜ್ವಾಲೆಯ ಸಣ್ಣ ಕಣಗಳು ದಾರಿಯಲ್ಲೇ ಒಂದಕ್ಕೊಂದು ಅಂಟಿ ದೊಡ್ಡದಾಗುತ್ತವೆ. ಆಗ ನೀವು ಅಳೆಯುವುದು ಹಳಸಿದ ಹೊಗೆಯನ್ನು. ಪಕ್ಕದಲ್ಲಿ ಅಗ್ನಿಶಾಮಕ ಸಿಲಿಂಡರ್ ಇರಲೇಬೇಕು.

ಅಳತೆಗೋಲು

ಹೊಗೆಯ ದಟ್ಟಣೆಯನ್ನು ಬೆಳಕು ಎಷ್ಟು ಮಂಕಾಯಿತು ಎಂಬುದರಿಂದ ಹೇಳುವುದು ರೂಢಿ. ಕೆಲವು ಕಡೆ ಅಡಿಗೆ ಶೇಕಡಾ ಎಷ್ಟು ಎಂದು, ಇನ್ನು ಕೆಲವು ಕಡೆ ಮೀಟರಿಗೆ ಎಷ್ಟು ಡೆಸಿಬೆಲ್ ಎಂದು ಬರೆಯುತ್ತಾರೆ. ಅಡಿಗೆ 2% ಎಂದರೆ ಮೀಟರಿಗೆ ಸುಮಾರು 6.4%, ಅಥವಾ 0.29 ಡೆಸಿಬೆಲ್. ಲೆಕ್ಕ ಇದು: ಶುದ್ಧ ಗಾಳಿಯಲ್ಲಿನ ಓದನ್ನು ಹೊಗೆಯಲ್ಲಿನ ಓದಿನಿಂದ ಭಾಗಿಸಿ, ಅದರ ದಶಮಾನ ಲಾಗರಿದಮ್ ತೆಗೆದು, 10ರಿಂದ ಗುಣಿಸಿ, ಬೆಳಕಿನ ದಾರಿಯ ಉದ್ದದಿಂದ ಭಾಗಿಸುವುದು. ಈ ಪೆಟ್ಟಿಗೆಯಲ್ಲಿ ದಾರಿ 0.6 ಮೀಟರ್.

ತೊಡಕು ಇರುವುದು ಇಲ್ಲಿಯೇ. ಮೀಟರಿಗೆ 0.15 ಡೆಸಿಬೆಲ್ ಹೊಗೆಯಲ್ಲಿ 0.6 ಮೀಟರ್ ದಾರಿಯ ಬೆಳಕು ಕಡಿಮೆಯಾಗುವುದು ಬರೀ 2%. ಎಲ್‌ಇಡಿಯ ಬೆಳಕು ಕೆಲವೇ ಡಿಗ್ರಿ ಬಿಸಿಗೆ ಅಷ್ಟು ಬದಲಾಗಿಬಿಡುತ್ತದೆ. ಹಾಗಾಗಿ ಎರಡು ಫೋಟೋಡಯೋಡ್ (ಬಿದ್ದ ಬೆಳಕನ್ನು ಕರೆಂಟಾಗಿಸುವ ಬಿಡಿಭಾಗ) ಬೇಕು: ಒಂದು ದೂರದ ತುದಿಯಲ್ಲಿ, ಇನ್ನೊಂದು ಎಲ್‌ಇಡಿಯ ಪಕ್ಕದಲ್ಲೇ ಅದರ ಬೆಳಕನ್ನು ನೇರವಾಗಿ ನೋಡುವಂತೆ. ಲೆಕ್ಕಕ್ಕೆ ತೆಗೆದುಕೊಳ್ಳುವುದು ಎರಡರ ಅನುಪಾತವನ್ನು. 630 ನ್ಯಾನೋಮೀಟರಿನ ಕೆಂಪು ಎಲ್‌ಇಡಿಗೆ 10 ಮಿಲಿಆಂಪಿಯರ್ ಸ್ಥಿರ ಕರೆಂಟ್ ಕೊಡಿ, 50 ಮಿಮೀ ನಾಭಿದೂರದ 25 ಮಿಮೀ ಲೆನ್ಸ್ ಹಾಕಿ, ಎರಡೂ ತುದಿಗೆ ಬಿಪಿಡಬ್ಲ್ಯು34 ಡಯೋಡ್. ಲೇಸರ್ ಮಾಡ್ಯೂಲ್ ಬಳಸುವ ಆಸೆ ಬರುತ್ತದೆ, ಬೇಡ. ಬಿಸಿಯಾದಂತೆ ಅದರ ಬೆಳಕು ಮೆಟ್ಟಿಲುಮೆಟ್ಟಿಲಾಗಿ ಜಿಗಿಯುತ್ತದೆ. ಡಯೋಡಿನ ಕರೆಂಟನ್ನು ಹಿಗ್ಗಿಸಿ ವೋಲ್ಟೇಜ್ ಮಾಡುವ ಚಿಪ್‌ನ, ಅಂದರೆ ಆಪ್‌ಆಂಪ್‌ನ, ಫೀಡ್‌ಬ್ಯಾಕ್ ರೆಸಿಸ್ಟರನ್ನು ಶುದ್ಧ ಗಾಳಿಯಲ್ಲಿ 1.8 ವೋಲ್ಟ್ ಆಸುಪಾಸು ಬರುವಂತೆ ಆರಿಸಿ, 16 ಬಿಟ್‌ನ ಎಡಿಎಸ್1115 ಪರಿವರ್ತಕದಿಂದ ಓದಿ. ಎಲ್‌ಇಡಿಯನ್ನು 200 ಮಿಲಿಸೆಕೆಂಡ್ ಹೊತ್ತಿಸಿ 200 ಮಿಲಿಸೆಕೆಂಡ್ ಆರಿಸುತ್ತಾ ಎರಡರ ವ್ಯತ್ಯಾಸ ತೆಗೆದರೆ ಹೊರಗಿನ ಬೆಳಕು ಲೆಕ್ಕದಿಂದ ಬಿಟ್ಟುಹೋಗುತ್ತದೆ. ಅಳತೆಗೆ ಮೊದಲು ಕಾಲು ಗಂಟೆ ಬಿಸಿಯಾಗಲು ಬಿಡಿ.

ಅಳತೆ ಸರಿಯಿದೆಯೇ ಎಂದು ನೋಡಲು ಒಂದು ತುಂಡು ಗಾಜು ಸಾಕು. ಲೇಪನವಿಲ್ಲದ, ಚೆನ್ನಾಗಿ ಒರೆಸಿದ ಮೈಕ್ರೋಸ್ಕೋಪ್ ಸ್ಲೈಡ್ ಪ್ರತಿ ಮೈಯಲ್ಲೂ ಸುಮಾರು 4% ಬೆಳಕನ್ನು ಹಿಂದಕ್ಕೆ ತಳ್ಳುತ್ತದೆ, ಉಳಿದ 92% ದಾಟುತ್ತದೆ. 0.6 ಮೀಟರ್ ದಾರಿಯಲ್ಲಿ ಅದನ್ನು ಹಿಡಿದರೆ ಓದು ಮೀಟರಿಗೆ 0.60 ಡೆಸಿಬೆಲ್ ಬರಬೇಕು. ಸ್ಲೈಡನ್ನು 5ರಿಂದ 10 ಡಿಗ್ರಿ ಓರೆಯಾಗಿ ಹಿಡಿಯಿರಿ. ನೇರ ಹಿಡಿದರೆ ಹಿಂದಿರುಗಿದ ಬೆಳಕು ಎಲ್‌ಇಡಿ ಪಕ್ಕದ ಡಯೋಡಿಗೆ ಬಿದ್ದು ಅನುಪಾತವೇ ಸುಳ್ಳಾಗುತ್ತದೆ. ಪ್ರತಿ ಪರೀಕ್ಷೆಯ ನಂತರ ಪೆಟ್ಟಿಗೆಯನ್ನು ಪೂರ್ತಿ ಗಾಳಿಯಾಡಿಸಿ ಮತ್ತೆ ಶೂನ್ಯ ನೋಡಿ. ಶೂನ್ಯ ಸರಿದಿದ್ದರೆ ಲೆನ್ಸಿನ ಮೇಲೆ ಮಸಿ ಕೂತಿದೆ ಎಂದು ಅರ್ಥ, ಆ ಪರೀಕ್ಷೆಯ ಅಂಕಿಗಳನ್ನು ಕೈಬಿಡಿ.

ಬೆಳಕು ಚದುರುವ ಕೋಣೆ

ಮೇಲಿನ ಪಾಡು ನೋಡಿದರೆ ಮನೆಯ ಅಲಾರಂಗಳು ಮಂಕನ್ನು ಅಳೆಯದೆ ಚದುರಿದ ಬೆಳಕನ್ನು ಏಕೆ ಅಳೆಯುತ್ತವೆ ಎಂದು ತಿಳಿಯುತ್ತದೆ. ತುಂಬು ಬೆಳಕಿನಲ್ಲಿ 2% ಇಳಿಕೆ ಹುಡುಕುವುದು ಕಷ್ಟ, ಕತ್ತಲೆಯಲ್ಲಿ ಚೂರು ಬೆಳಕು ಹುಡುಕುವುದು ಸುಲಭ. ಹೆಂಚಿನ ಸಂದಿಯಿಂದ ಬಿದ್ದ ಬಿಸಿಲುಕೋಲಿನಲ್ಲಿ ದೂಳು ಮಿನುಗುವುದು ಕಾಣುವಂತೆ, ಫೋಟೋಡಯೋಡ್ ಪಕ್ಕದಿಂದ ನೋಡುತ್ತಿರುತ್ತದೆ. ಎಲ್‌ಇಡಿಯ ನೇರ ಬೆಳಕು ಅದಕ್ಕೆ ಬೀಳುವುದೇ ಇಲ್ಲ.

ಒಳವ್ಯಾಸ 45 ಮಿಮೀ, ಎತ್ತರ 20 ಮಿಮೀಯ ಸಿಲಿಂಡರ್ ಆಕಾರದ ಕೋಣೆಯನ್ನು ಪ್ರಿಂಟ್ ಮಾಡಿ. ಫೋಟೋಡಯೋಡನ್ನು 0 ಡಿಗ್ರಿಯಲ್ಲಿ, 940 ನ್ಯಾನೋಮೀಟರಿನ ಇನ್ಫ್ರಾರೆಡ್ ಎಲ್‌ಇಡಿಯನ್ನು 135 ಡಿಗ್ರಿಯಲ್ಲಿ, 470 ನ್ಯಾನೋಮೀಟರಿನ ನೀಲಿ ಎಲ್‌ಇಡಿಯನ್ನು 225 ಡಿಗ್ರಿಯಲ್ಲಿ ಇಡಿ. ಎಲ್ಲದರ ಅಕ್ಷವೂ ನಡುವೆ ಸೇರಬೇಕು. ಆಗ ಎರಡೂ ಬಣ್ಣಕ್ಕೆ ಚದುರುವ ಕೋನ 45 ಡಿಗ್ರಿ, ಎರಡನ್ನೂ ಹೋಲಿಸಬಹುದು. ಎಲ್‌ಇಡಿ ಮತ್ತು ಡಯೋಡ್ ನಡುವೆ ನೇರ ನೋಟ ತಡೆಯುವ ರೆಕ್ಕೆಗಳು, ಸುತ್ತಲೂ ಗಾಳಿ ನುಸುಳಿ ಬೆಳಕು ನುಸುಳದಂತೆ ಮಡಿಸಿದ ಎರಡು ಸಾಲು ತಡೆಗಳು, ಅದರ ಹೊರಗೆ ಕೀಟ ತಡೆಯುವ ಸಣ್ಣ ಜಾಲರಿ.

ಕಪ್ಪು ಪ್ಲಾಸ್ಟಿಕ್ಕೆಲ್ಲ ಇನ್ಫ್ರಾರೆಡ್‌ಗೂ ಕಪ್ಪಾಗಿರುತ್ತದೆ ಎಂದು ನಂಬಬೇಡಿ. ಡೈ ಹಾಕಿ ಕಪ್ಪು ಮಾಡಿದ ಪ್ಲಾಸ್ಟಿಕ್, ಕಪ್ಪು ಆನೋಡೈಸ್ ಮಾಡಿದ ಅಲ್ಯುಮಿನಿಯಂ ಇವೆಲ್ಲ ಕಣ್ಣಿಗೆ ಕಪ್ಪಾಗಿ ಕಂಡರೂ 940 ನ್ಯಾನೋಮೀಟರಿಗೆ ಹೊಳೆಯಬಹುದು. ಕಾರ್ಬನ್ ಬ್ಲ್ಯಾಕ್ ಬೆರೆಸಿದ ಫಿಲಮೆಂಟ್ ಬೇಕು. ಪರೀಕ್ಷೆಗೆ ಇನ್ಫ್ರಾರೆಡ್ ಫಿಲ್ಟರ್ ಇಲ್ಲದ ಕ್ಯಾಮೆರಾದ ಮುಂದೆ ತುಂಡನ್ನು ಇನ್ಫ್ರಾರೆಡ್ ಎಲ್‌ಇಡಿಯಿಂದ ಬೆಳಗಿಸಿ ನೋಡಿ. ಬೂದುಬಣ್ಣ ಕಂಡರೆ ಅದು ಕೋಣೆಗೆ ಬೇಡ. ಇನ್ನೊಂದು ಎಡವಟ್ಟು ಡಯೋಡಿನದು: ಬಿಪಿಡಬ್ಲ್ಯು34ರ ಕಪ್ಪು ಫಿಲ್ಟರ್ ಇರುವ ರೂಪ ಸೂರ್ಯನ ಬೆಳಕನ್ನು ಚೆನ್ನಾಗಿ ತಡೆಯುತ್ತದೆ, ಜೊತೆಗೆ ನೀಲಿಯನ್ನೂ ತಡೆದುಬಿಡುತ್ತದೆ. ಎರಡು ಬಣ್ಣದ ಕೋಣೆಗೆ ಪಾರದರ್ಶಕ ರೂಪವೇ ಬೇಕು.

ಸರ್ಕ್ಯೂಟಿಗೆ ಒಂದು ಎಂಸಿಪಿ6002 ಸಾಕು, ಅದರಲ್ಲಿ ಎರಡು ಆಪ್‌ಆಂಪ್ ಇವೆ. 3.3 ವೋಲ್ಟ್‌ನಿಂದ 100 ಕಿಲೋಓಮ್ ಮತ್ತು 10 ಕಿಲೋಓಮ್ ಭಾಗಿಸಿ 0.3 ವೋಲ್ಟ್ ಆಧಾರ ಮಾಡಿಕೊಳ್ಳಿ, ಮೊದಲ ಆಪ್‌ಆಂಪ್‌ನ ಪ್ಲಸ್ ಕಾಲಿಗೆ ಕೊಡಿ. ಡಯೋಡಿನ ಆನೋಡ್ ನೆಲಕ್ಕೆ (ಸರ್ಕ್ಯೂಟಿನ ಗ್ರೌಂಡ್‌ಗೆ), ಕ್ಯಾಥೋಡ್ ಮೈನಸ್ ಕಾಲಿಗೆ. ಫೀಡ್‌ಬ್ಯಾಕ್ 1 ಮೆಗಾಓಮ್, ಅದಕ್ಕೆ ಅಡ್ಡಲಾಗಿ 4.7 ಪಿಕೋಫ್ಯಾರಡ್. ಈ ಪುಟ್ಟ ಕೆಪಾಸಿಟರನ್ನು ಬಿಟ್ಟರೆ ಡಯೋಡಿನ ಸುಮಾರು 70 ಪಿಕೋಫ್ಯಾರಡ್ ಧಾರಕತೆಯ ಜೊತೆ ಸೇರಿ ಆಪ್‌ಆಂಪ್ ಕಂಪಿಸತೊಡಗುತ್ತದೆ. ಹೆಚ್ಚು ಮಾಡಿದರೆ ಪಲ್ಸ್ ಮುಗಿಯುವುದರೊಳಗೆ ಔಟ್‌ಪುಟ್ ನೆಲೆಗೊಳ್ಳುವುದಿಲ್ಲ. 1 ನ್ಯಾನೋಆಂಪಿಯರ್ ಬೆಳಕಿಗೆ 1 ಮಿಲಿವೋಲ್ಟ್ ಸಿಗುತ್ತದೆ. ಎರಡನೇ ಹಂತಕ್ಕೆ 100 ನ್ಯಾನೋಫ್ಯಾರಡ್ ಮೂಲಕ ದಾಟಿಸಿ, 100 ಕಿಲೋಓಮ್‌ನಿಂದ ಅದೇ 0.3 ವೋಲ್ಟ್‌ಗೆ ಕಟ್ಟಿ, 47 ಕಿಲೋಓಮ್ ಮತ್ತು 1 ಕಿಲೋಓಮ್‌ನಿಂದ 48 ಪಟ್ಟು ಹಿಗ್ಗಿಸಿ. ಆ 1 ಕಿಲೋಓಮ್ ನೆಲಕ್ಕೆ ಹೋಗುವ ದಾರಿಯಲ್ಲಿ 10 ಮೈಕ್ರೋಫ್ಯಾರಡ್ ಇರಲೇಬೇಕು. ಇಲ್ಲದಿದ್ದರೆ ಆಧಾರದ 0.3 ವೋಲ್ಟ್ ಕೂಡ 48 ಪಟ್ಟಾಗಿ ಔಟ್‌ಪುಟ್ ಮೇಲಕ್ಕೆ ಅಂಟಿಕೊಂಡು ಕೂರುತ್ತದೆ.

ಎಲ್‌ಇಡಿಗೆ 100 ಮೈಕ್ರೋಸೆಕೆಂಡಿನ ಪಲ್ಸ್. 5 ವೋಲ್ಟ್‌ನಿಂದ 47 ಓಮ್ ಮೂಲಕ 470 ಮೈಕ್ರೋಫ್ಯಾರಡ್ ತುಂಬಿಸಿ, ಅಲ್ಲಿಂದ 15 ಓಮ್ ಮೂಲಕ ಇನ್ಫ್ರಾರೆಡ್ ಎಲ್‌ಇಡಿಗೆ ಸುಮಾರು 220 ಮಿಲಿಆಂಪಿಯರ್, 18 ಓಮ್ ಮೂಲಕ ನೀಲಿಗೆ ಸುಮಾರು 90 ಮಿಲಿಆಂಪಿಯರ್. ಸ್ವಿಚ್ಚಿಗೆ ಒಂದೊಂದು 2ಎನ್2222 ಟ್ರಾನ್ಸಿಸ್ಟರ್. ಪಲ್ಸಿಗೆ ಸ್ವಲ್ಪ ಮೊದಲು ಒಂದು ಓದು, ಪಲ್ಸಿನ 80ನೇ ಮೈಕ್ರೋಸೆಕೆಂಡಿನಲ್ಲಿ ಒಂದು, ಆರಿದ ಮೇಲೆ ಇನ್ನೊಂದು. ನಡುವಿನದರಿಂದ ಉಳಿದೆರಡರ ಸರಾಸರಿ ಕಳೆಯಿರಿ. ಹೀಗೆ 16 ಪಲ್ಸ್, ಪ್ರತಿಯೊಂದಕ್ಕೂ 23 ಮಿಲಿಸೆಕೆಂಡ್ ಅಂತರ. 20 ಇಟ್ಟರೆ 50 ಹರ್ಟ್ಸ್ ದೀಪದ ಮಿಣುಕಿಗೆ ಹೆಜ್ಜೆ ಕೂಡಿ ಒಂದೇ ತಪ್ಪು ಹದಿನಾರು ಸಲ ಸೇರುತ್ತದೆ. ಇಲ್ಲಿ ಎಡಿಎಸ್1115 ಕೆಲಸಕ್ಕೆ ಬಾರದು, ಸೆಕೆಂಡಿಗೆ ಹೆಚ್ಚೆಂದರೆ 860 ಓದು ಕೊಡುವ ಅದಕ್ಕೆ ಈ ಪಲ್ಸ್ ಕಾಣುವುದೇ ಇಲ್ಲ. ಮೈಕ್ರೋಕಂಟ್ರೋಲರಿನ ಸ್ವಂತ 12 ಬಿಟ್ ಪರಿವರ್ತಕ ಬಳಸಿ. ರಾಸ್ಪ್‌ಬೆರಿ ಪೈ ಪಿಕೋ ಆದರೆ 23ನೇ ಜಿಪಿಐಒ ಕಾಲನ್ನು ಹೈ ಮಾಡಿಡಿ, ವಿದ್ಯುತ್ ಪೂರೈಕೆಯ ಏರಿಳಿತ ತಗ್ಗುತ್ತದೆ. ಸೂರಿನಲ್ಲಿರುವ ಅಲಾರಂ ಕೂಡ ಇದನ್ನೇ ಮಾಡುತ್ತದೆ, ಆದರೆ ಬ್ಯಾಟರಿ ಉಳಿಸಲು ಸುಮಾರು 10 ಸೆಕೆಂಡಿಗೊಂದು ಪಲ್ಸ್ ಮಾತ್ರ.

ಶುದ್ಧ ಗಾಳಿಯಲ್ಲೂ ಓದು ಸೊನ್ನೆ ಆಗಬಾರದು. ಗೋಡೆಗೆ ತಾಗಿ ಬರುವ ಅಲ್ಪ ಬೆಳಕು ಉಪಯೋಗಕ್ಕೆ ಬರುತ್ತದೆ: ಅದು ಕಾಣೆಯಾದರೆ ಎಲ್‌ಇಡಿಯೋ ಡಯೋಡೋ ಸತ್ತಿದೆ. ತಯಾರಕರ ಚಿಪ್‌ಗಳೂ ಈ ಹಿನ್ನೆಲೆ ಬೆಳಕನ್ನೇ ನೋಡಿ ಕೋಣೆ ಜೀವಂತವಾಗಿದೆ ಎಂದು ಖಚಿತ ಮಾಡಿಕೊಳ್ಳುತ್ತವೆ. ಆದರೆ ಹಿನ್ನೆಲೆ 300 ಮಿಲಿವೋಲ್ಟ್ ದಾಟಿದರೆ ಎಲ್ಲೋ ಸೋರಿಕೆ ಇದೆ. ಅದು ಬೆಳಕಿನ ಸೋರಿಕೆಯೋ ವಿದ್ಯುತ್ತಿನದೋ ತಿಳಿಯಲು ಎಲ್‌ಇಡಿಯ ತಲೆಗೆ ಬೆಳಕು ದಾಟದ ಟೋಪಿ ಹಾಕಿ ಪಲ್ಸ್ ಕೊಡಿ. ಟೋಪಿ ಹಾಕಿದ ಮೇಲೂ ಪಲ್ಸ್ ಉಳಿದರೆ ಅದು ತಂತಿಯಿಂದ ತಂತಿಗೆ ಹಾರಿದ್ದು. ಎಲ್‌ಇಡಿಯ ಎರಡೂ ತಂತಿ ಹೆಣೆದು, ಡಯೋಡಿನ ಸುತ್ತ ನೆಲಕ್ಕೆ ಜೋಡಿಸಿದ ತಾಮ್ರದ ಹಾಳೆ ಕಟ್ಟಿ. ಮಾರುಕಟ್ಟೆಯ ಅಲಾರಂ ಬಿಚ್ಚಿದಾಗ ಡಯೋಡಿನ ಮೇಲೆ ಕಾಣುವ ಲೋಹದ ಮುಚ್ಚಳ ಇದೇ ಕಾರಣಕ್ಕೆ ಇರುವುದು.

ಅಯಾನು ಅಲಾರಂ: ತೆರೆಯದೆ ಬಳಸುವುದು

ಇದನ್ನು ಕಟ್ಟುವಂತಿಲ್ಲ, ಬಿಚ್ಚುವಂತೆಯೂ ಇಲ್ಲ. ಬ್ಯಾಟರಿಯಲ್ಲಿ ನಡೆಯುವ ಸಿದ್ಧ ಅಲಾರಮ್ಮನ್ನು ಹಾಗೆಯೇ ಪೆಟ್ಟಿಗೆಯ ಮೇಲ್ಛಾವಣಿಗೆ ತೂಗುಹಾಕಿ. ಒಳಗೆ ಅಮೆರಿಸಿಯಂ-241 ಎಂಬ ವಿಕಿರಣಶೀಲ ಲೋಹ ಇರುತ್ತದೆ, ಸಾಮಾನ್ಯವಾಗಿ 37 ಕಿಲೋಬೆಕೆರೆಲ್ ಮಟ್ಟದ್ದು, ತೂಕದಲ್ಲಿ ಮೈಕ್ರೋಗ್ರಾಮಿನ ಮೂರನೇ ಒಂದು ಭಾಗಕ್ಕಿಂತ ಕಡಿಮೆ, ಅರ್ಧಾಯು 432 ವರ್ಷ. ಅದರ ಆಲ್ಫಾ ಕಣಗಳು ಗಾಳಿಯಲ್ಲಿ ಸುಮಾರು 4 ಸೆಂಮೀ ಮಾತ್ರ ಓಡುತ್ತವೆ, ಮುಚ್ಚಿದ ಅಲಾರಮ್ಮಿನಿಂದ ತೊಂದರೆ ಇಲ್ಲ. ಕೋಣೆ ಒಡೆದು ಅಮೆರಿಸಿಯಂ ಕೂರಿಸಿದ ಹಾಳೆಯನ್ನು ಕೆರೆದರೆ, ದೂಳು ಉಸಿರಿಗೋ ಬಾಯಿಗೋ ಹೋದರೆ ಮಾತು ಬೇರೆ. ಹಳೆಯ ಅಲಾರಂ ಬಿಚ್ಚುವ ಮೊದಲು ಹಿಂಬದಿಯ ಚೀಟಿ ಓದಿ. ವಿಕಿರಣದ ಮೂರು ರೆಕ್ಕೆಯ ಗುರುತು ಇದ್ದರೆ ಸ್ಕ್ರೂಡ್ರೈವರ್ ಕೆಳಗಿಡಿ.

ಕೆಲಸದ ಬಗೆ ಹೀಗೆ: ಆಲ್ಫಾ ಕಣಗಳು ಎರಡು ತಟ್ಟೆಗಳ ನಡುವಿನ ಗಾಳಿಯನ್ನು ಅಯಾನುಗಳಾಗಿ ಒಡೆಯುತ್ತವೆ, ಪಿಕೋಆಂಪಿಯರ್‌ಗಳಲ್ಲಿ ಅಳೆಯುವ ಕರೆಂಟ್ ಹರಿಯುತ್ತದೆ. ಹೊಗೆಯ ಕಣಕ್ಕೆ ಅಂಟಿದ ಅಯಾನು ಭಾರವಾಗಿ ತೆವಳುತ್ತದೆ, ತಟ್ಟೆ ಮುಟ್ಟುವ ಮೊದಲೇ ಎದುರಿನದರೊಡನೆ ಕೂಡಿ ಇಲ್ಲವಾಗುತ್ತದೆ. ಕರೆಂಟ್ ಇಳಿಯುತ್ತದೆ. ಈ ಇಳಿಕೆ ಹೆಚ್ಚುಕಡಿಮೆ ಕಣಗಳ ಸಂಖ್ಯೆ ಮತ್ತು ವ್ಯಾಸದ ಗುಣಲಬ್ಧಕ್ಕೆ ತಕ್ಕಂತೆ ಇರುತ್ತದೆ. 1 ಮೈಕ್ರೋಮೀಟರಿನ ಒಂದು ಕಣದ ತೂಕವನ್ನೇ 0.1 ಮೈಕ್ರೋಮೀಟರಿನ ಸಾವಿರ ಕಣಗಳಾಗಿ ಹಂಚಿದರೆ ಅಯಾನು ಕೋಣೆಯ ಸಿಗ್ನಲ್ ಸುಮಾರು ನೂರು ಪಟ್ಟು ಏರುತ್ತದೆ. ಇನ್ಫ್ರಾರೆಡ್ ಚದುರುವಿಕೆ ಅದೇ ಪ್ರಮಾಣದಲ್ಲಿ ಕುಸಿಯುತ್ತದೆ. ಎರಡೂ ಬಗೆಯ ಅಲಾರಂಗಳ ಜಗಳಕ್ಕೆ ಮೂಲ ಈ ಒಂದು ಲೆಕ್ಕ.

ಅಲಾರಂ ಕೂಗಿದ್ದನ್ನು ದಾಖಲಿಸಲು ಅದರ ಕೆಂಪು ದೀಪದ ಮೇಲೆ ಫೋಟೋಟ್ರಾನ್ಸಿಸ್ಟರ್ ಇಟ್ಟು ಕಪ್ಪು ಟೇಪ್ ಸುತ್ತಿ. ಸುಮ್ಮನಿದ್ದಾಗ ದೀಪ ಅರ್ಧ ನಿಮಿಷಕ್ಕೋ ಒಂದು ನಿಮಿಷಕ್ಕೋ ಒಮ್ಮೆ ಮಿಣುಕುತ್ತದೆ, ಕೂಗುವಾಗ ಪಟಪಟನೆ. 5 ಸೆಕೆಂಡಿನೊಳಗೆ ಎರಡು ಮಿಣುಕು ಬಂದರೆ ಅಲಾರಂ ಎಂದು ಬರೆದುಕೊಳ್ಳಿ. ಪಕ್ಕಕ್ಕೆ ಅದೇ ರೀತಿ ಒಂದು ಸಿದ್ಧ ಫೋಟೋಎಲೆಕ್ಟ್ರಿಕ್, ಅಂದರೆ ಬೆಳಕು ಚದುರುವ ಕೋಣೆಯ, ಅಲಾರಮ್ಮನ್ನೂ ಇಡಿ. ಹಾರ್ನ್ ಶಬ್ದವನ್ನು ಮೈಕಿನಿಂದ ಹಿಡಿಯಲು ಹೋದರೆ ಎರಡೂ 3 ಕಿಲೋಹರ್ಟ್ಸ್ ಸುತ್ತಮುತ್ತಲೇ ಕೂಗುವುದರಿಂದ ಯಾವುದು ಯಾವುದೆಂದು ತಿಳಿಯದು.

ಬಿಸಿ ಮತ್ತು ಅನಿಲ

10 ಕಿಲೋಓಮ್, ಬೀಟಾ 3950ರ ಎನ್‌ಟಿಸಿ ಥರ್ಮಿಸ್ಟರಿನ ಅತಿ ಸಣ್ಣ ಮಣಿಯನ್ನು ಛಾವಣಿಯಿಂದ 25 ಮಿಮೀ ಕೆಳಗೆ ಗಾಳಿಯಲ್ಲಿ ನಿಲ್ಲಿಸಿ. ದಪ್ಪ ಎಪಾಕ್ಸಿ ತಲೆಯದು ತಡವಾಗಿ ಬಿಸಿಯಾಗುತ್ತದೆ. 57 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ ಹೀಟ್ ಅಲಾರಂಗಳಲ್ಲಿ ಸಾಮಾನ್ಯವಾದ ಮಿತಿಯಲ್ಲಿ, ಇದರ ರೋಧ 2.77 ಕಿಲೋಓಮ್, 3.3 ವೋಲ್ಟ್‌ಗೆ 10 ಕಿಲೋಓಮ್‌ನಿಂದ ಎಳೆದಿದ್ದರೆ 0.72 ವೋಲ್ಟ್. ಏರುವ ವೇಗಕ್ಕೆ ರೂಢಿಯ ಮಿತಿ ನಿಮಿಷಕ್ಕೆ 8.3 ಡಿಗ್ರಿ. ಈಗಿನ ಓದನ್ನು 60 ಸೆಕೆಂಡ್ ಹಿಂದಿನದಕ್ಕೆ ಹೋಲಿಸಿದರೆ ಸಾಕು.

ಕಾರ್ಬನ್ ಮಾನಾಕ್ಸೈಡಿಗೆ ಎಲೆಕ್ಟ್ರೋಕೆಮಿಕಲ್ ಸೆಲ್ ಬಳಸಿ. ಫಿಗಾರೋ ಟಿಜಿಎಸ್5042 ಪ್ರತಿ ಪಿಪಿಎಂಗೆ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲಿಗೆ) 1.2ರಿಂದ 2.4 ನ್ಯಾನೋಆಂಪಿಯರ್ ಕೊಡುತ್ತದೆ, 1 ಮೆಗಾಓಮ್ ಫೀಡ್‌ಬ್ಯಾಕ್ ಸಾಕು. ಬಿಸಿ ಮಾಡಿ ಬಳಸುವ ಎಂಕ್ಯು-7 ಸೆನ್ಸರ್ ಬೇಡ. 60 ಸೆಕೆಂಡ್ 5 ವೋಲ್ಟ್, 90 ಸೆಕೆಂಡ್ 1.4 ವೋಲ್ಟ್ ಎಂದು ಅದರ ಹೀಟರನ್ನು ಏರಿಸಿ ಇಳಿಸಬೇಕು, ಆ ಬಿಸಿ ಪೆಟ್ಟಿಗೆಯ ಉಳಿದ ಅಳತೆಗಳನ್ನು ಅಲುಗಾಡಿಸುತ್ತದೆ. ಎಲೆಕ್ಟ್ರೋಕೆಮಿಕಲ್ ಸೆಲ್ಲಿಗೂ ಹೈಡ್ರೋಜನ್ ಮತ್ತು ಆಲ್ಕೋಹಾಲ್ ಆವಿ ತಾಗುತ್ತದೆ, ಹಾಗಾಗಿ ಬೋರ್ಡನ್ನು ಆಲ್ಕೋಹಾಲಿನಿಂದ ತೊಳೆದ ದಿನ ಪರೀಕ್ಷೆ ಬೇಡ. ಒಂದು ಮುಖ್ಯ ವಿಷಯ: ಅನಿಲದ ಅಲಾರಮ್ಮನ್ನು ಹೊಗೆಯ ಅಲಾರಂ ಎಂದು ಎಣಿಸುವಂತಿಲ್ಲ. ಅಮೆರಿಕದ ಯುಎಲ್ 2034 ಮಾನದಂಡದಂತೆ 70 ಪಿಪಿಎಂನಲ್ಲಿ ಅದು ಕೂಗಬೇಕಾದ್ದು 60ರಿಂದ 240 ನಿಮಿಷಗಳ ನಡುವೆ. ವಿಷ ಏರುವುದಕ್ಕೆ ಆ ಕಾಲ ಸರಿ, ಬೆಂಕಿಗೆ ಅಲ್ಲ.

ಹೊಗೆ ಬಿಟ್ಟಾಗ

ಮೊದಲು 100 ಮಿಮೀ ಹತ್ತಿಬತ್ತಿ. ತುದಿಗೆ ಕಿಡಿ ಹಚ್ಚಿ ಜ್ವಾಲೆ ಊದಿ ಆರಿಸಿ, ಕೆಂಡವಾಗಿ ಕನಲಲು ಬಿಡಿ. ಅದಾದ ಮೇಲೆ 1 ಗ್ರಾಂ ಗಟ್ಟಿ ಮರದ ಚೂರನ್ನು 350 ಡಿಗ್ರಿಯ ಬೆಸುಗೆ ಕಡ್ಡಿಯ ಮೇಲಿಟ್ಟು ಬೇಯಿಸಿ. ಎರಡರಲ್ಲೂ ಜ್ವಾಲೆ ಇಲ್ಲ, ಮರದ ಹೊಗೆ ಬಿಳಿ, ಕಣ ದೊಡ್ಡದು. ಓದುಗಳ ನಕ್ಷೆಯಲ್ಲಿ ಇನ್ಫ್ರಾರೆಡ್ ಗೆರೆ ಮಂಕಿನ ಗೆರೆಯ ಜೊತೆಜೊತೆಗೇ ಏರುತ್ತದೆ, ಮರದ ಹೊಗೆಯಲ್ಲಿ ಫೋಟೋಎಲೆಕ್ಟ್ರಿಕ್ ಅಲಾರಂ ಮೊದಲು ಕೂಗುತ್ತದೆ. ಅಲ್ಲಿ ಅಯಾನು ಅಲಾರಂ ಹೆಚ್ಚು ದಟ್ಟಣೆ ಬರುವ ತನಕ ಸುಮ್ಮನಿರುತ್ತದೆ. ಕಾರ್ಬನ್ ಮಾನಾಕ್ಸೈಡ್ ಕೂಡ ಏರುತ್ತಿರುತ್ತದೆ, ಥರ್ಮಿಸ್ಟರ್ ಮಾತ್ರ ಅಲುಗುವುದಿಲ್ಲ. ಹಾಸಿಗೆ, ಸೋಫಾಗಳಲ್ಲಿ ರಾತ್ರಿ ಶುರುವಾಗುವ ಬೆಂಕಿ ಬಹಳ ಸಲ ಈ ಜಾತಿಯದು. ಮಲಗುವ ಕೋಣೆಗೆ ಒಂದೇ ಅಲಾರಂ ಎಂದರೆ ಫೋಟೋಎಲೆಕ್ಟ್ರಿಕ್ ಆರಿಸಿ ಎಂದು ಹೇಳುವುದು ಈ ಕಾರಣಕ್ಕೆ.

ಆಮೇಲೆ ಜ್ವಾಲೆ. ಬಕೆಟಿನಲ್ಲಿ 2 ಗ್ರಾಂ ಕಾಗದದ ಚೂರುಗಳನ್ನು ಗಾಳಿಯಾಡುವಂತೆ ಹರಡಿ ಚುರುಕಾಗಿ ಉರಿಸಿ. ಈಗ ಸರದಿ ತಿರುಗುತ್ತದೆ: ಮಂಕಿನ ಗೆರೆ ಇನ್ನೂ ಕೆಳಗಿರುವಾಗಲೇ ಅಯಾನು ಅಲಾರಂ ಕೂಗುತ್ತದೆ. ನೀಲಿ ಗೆರೆ ಇನ್ಫ್ರಾರೆಡ್‌ಗಿಂತ ಬೇಗ ಏರುತ್ತದೆ. 470 ಸರಿಯಾಗಿ 940ರ ಅರ್ಧ; ತರಂಗದೂರಕ್ಕಿಂತ ಬಹಳ ಸಣ್ಣ ಕಣಗಳಲ್ಲಿ ಚದುರುವಿಕೆ ತರಂಗದೂರದ ನಾಲ್ಕನೇ ಘಾತಕ್ಕೆ ವಿಲೋಮವಾಗಿರುವುದರಿಂದ ನೀಲಿ 16 ಪಟ್ಟು ಹೆಚ್ಚು ಚದುರುತ್ತದೆ. ಕಣ ದೊಡ್ಡದಾದಂತೆ ಈ ವ್ಯತ್ಯಾಸ ಕರಗುತ್ತದೆ. ಕಪ್ಪು ಮಸಿಯ ಹೊಗೆಗೆ ಇನ್ನೊಂದು ಗುಣ ಇದೆ: ಅದು ಬೆಳಕನ್ನು ಚದುರಿಸುವುದಕ್ಕಿಂತ ಹೆಚ್ಚಾಗಿ ನುಂಗುತ್ತದೆ. ಕಣ್ಣಿಗೆ ದಟ್ಟವಾಗಿ ಕಂಡರೂ, ಮಂಕಿನ ಮೀಟರ್ ದೊಡ್ಡ ಅಂಕಿ ತೋರಿಸಿದರೂ, ಚದುರುವ ಕೋಣೆಗೆ ಸಿಗುವ ಬೆಳಕು ಬಿಳಿಹೊಗೆಗಿಂತ ಎಷ್ಟೋ ಕಡಿಮೆ.

2 ಮಿಲಿಲೀಟರ್ ಎಥನಾಲನ್ನು ಲೋಹದ ಬಟ್ಟಲಲ್ಲಿ ಉರಿಸಿದರೆ ಪಾಠ ಪೂರ್ತಿಯಾಗುತ್ತದೆ. ಹೊಗೆಯೇ ಇಲ್ಲದ ಬೆಂಕಿ. ಚದುರುವ ಕೋಣೆಯ ಎರಡೂ ಗೆರೆ ನೆಲ ಬಿಟ್ಟು ಏಳುವುದಿಲ್ಲ, ಏರುವುದು ಥರ್ಮಿಸ್ಟರ್ ಮಾತ್ರ. ಯುರೋಪಿನ ಇಎನ್ 54 ಮಾನದಂಡದ ಪರೀಕ್ಷಾ ಬೆಂಕಿಗಳ ಪಟ್ಟಿಯಲ್ಲಿ ಟಿಎಫ್6 ಎಂಬುದು ಹೀಗೆ ಆಲ್ಕೋಹಾಲ್ ಉರಿಸುವುದೇ. ಟಿಎಫ್2ರಲ್ಲಿ ಬೀಚ್ ಮರದ ತುಂಡುಗಳನ್ನು ಬಿಸಿ ತಟ್ಟೆಯ ಮೇಲೆ ಕನಲಿಸುತ್ತಾರೆ, ಟಿಎಫ್3ರಲ್ಲಿ ಹತ್ತಿಬತ್ತಿ. ಟಿಎಫ್4ರ ಪಾಲಿಯೂರಿಥೇನ್ ಫೋಮನ್ನು ಮಾತ್ರ ನೀವಾಗಿ ಉರಿಸಬೇಡಿ, ಅದರ ಹೊಗೆಯಲ್ಲಿ ಹೈಡ್ರೋಜನ್ ಸಯನೈಡ್ ಇರುತ್ತದೆ. ಫೋಮಿನ ಕನಲುವ ಬೆಂಕಿ, ಉರಿಯುವ ಬೆಂಕಿ ಎರಡನ್ನೂ ಹಿಡಿಯಬೇಕು, ಜೊತೆಗೆ ಅಡುಗೆಯ ಹೊಗೆಗೆ ಬೇಗ ಕೂಗಬಾರದು ಎಂಬ ಪರೀಕ್ಷೆ ಹೊಗೆ ಅಲಾರಂಗಳ ಮಾನದಂಡವಾದ ಯುಎಲ್ 217ರ 8ನೇ ಆವೃತ್ತಿಯಲ್ಲಿ ಸೇರಿದೆ. ಒಂದೇ ಮಿತಿ ಇಟ್ಟುಕೊಂಡ ಹಳೆಯ ವಿನ್ಯಾಸಕ್ಕೆ ಇದು ಬಲು ಕಷ್ಟದ ಕಟ್ಟಳೆ. ಎರಡು ಬಣ್ಣದ ಕೋಣೆಯಂಥವು ಬಳಕೆಗೆ ಬರಲು ಇದೂ ಒಂದು ಒತ್ತಡ.

ಕೊನೆಗೆ ಕುದಿಯುವ ನೀರಿನ ಹಬೆ. ಹನಿಗಳು ದೊಡ್ಡವು, ಹಾಗಾಗಿ ನೀಲಿ ಮತ್ತು ಇನ್ಫ್ರಾರೆಡ್ ಸರಿಸಮ ಏರುತ್ತವೆ, ಅನಿಲ ಏರುವುದಿಲ್ಲ. ಒಂದೇ ಬಣ್ಣದ ಅಲಾರಂ ಇದನ್ನು ಹೊಗೆ ಎಂದೇ ಓದುತ್ತದೆ. ಬಚ್ಚಲ ಬಾಗಿಲಿನ ಎದುರು ಅಲಾರಂ ಹಾಕಬಾರದು ಎನ್ನುವುದು ಇದಕ್ಕೆ. ಅನುಪಾತ ನೋಡಿ ಹಬೆಯನ್ನು ತಳ್ಳಿಹಾಕುವ ನಿಯಮ ಬರೆಯುವಾಗ ಎಚ್ಚರ ಬೇಕು: ಕನಲುವ ಮರದ ಹೊಗೆಯ ಕಣವೂ ದೊಡ್ಡದೇ. ಅನುಪಾತದಿಂದ ಅಲಾರಮ್ಮನ್ನು ಸ್ವಲ್ಪ ತಡಮಾಡಬಹುದು, ಪೂರ್ತಿ ತಡೆಯಬಾರದು. ದಟ್ಟಣೆ ಎರಡನೇ ಮಿತಿ ದಾಟಿದರೆ ಅನುಪಾತ ಏನೇ ಇರಲಿ ಕೂಗಲೇಬೇಕು.

ಬೇಸ್‌ಲೈನ್ ಮತ್ತು ಸೂರಿನ ಅಲಾರಂಗಳ ದುರಸ್ತಿ

ಕೋಣೆಯ ಗೋಡೆಗೆ ದೂಳು ಕೂತಂತೆ ಹಿನ್ನೆಲೆ ಬೆಳಕು ಏರುತ್ತದೆ, ಮಿತಿ ಹತ್ತಿರವಾಗುತ್ತದೆ, ಚೂರು ಹೊಗೆಗೂ ಅಲಾರಂ ಕೂಗುತ್ತದೆ. ಸಾಫ್ಟ್‌ವೇರಿನಲ್ಲಿ ಬೇಸ್‌ಲೈನನ್ನು (ಹೊಗೆಯಿಲ್ಲದಾಗಿನ ಓದನ್ನು) ನಿಧಾನ ಸರಾಸರಿಯಿಂದ ಹಿಂಬಾಲಿಸಿ ಇದನ್ನು ಸರಿಮಾಡಬಹುದು. ಹಿಂಬಾಲಿಸುವ ವೇಗ ಹೆಚ್ಚಾದರೆ ಗಂಟೆಗಟ್ಟಲೆ ಕನಲುವ ಬೆಂಕಿಯನ್ನೂ ದೂಳೆಂದು ಎಣಿಸಿ ಬೇಸ್‌ಲೈನ್ ಅದರ ಜೊತೆಗೇ ಏರಿಬಿಡುತ್ತದೆ. ಆದ್ದರಿಂದ ಎರಡು ಬೇಲಿ ಹಾಕಿ: ಒಂದು ದಿನದಲ್ಲಿ ಬೇಸ್‌ಲೈನ್ ಮಿತಿಯ ಇಪ್ಪತ್ತನೇ ಒಂದು ಭಾಗಕ್ಕಿಂತ ಹೆಚ್ಚು ಸರಿಯಬಾರದು, ಒಟ್ಟು ಸರಿತ ಮಿತಿಯ ಅರ್ಧ ಮುಟ್ಟಿದರೆ ಸರಿಮಾಡುವುದನ್ನು ನಿಲ್ಲಿಸಿ ಕೋಣೆ ಕೊಳೆಯಾಗಿದೆ ಎಂಬ ಎಚ್ಚರಿಕೆ ಕೊಡಬೇಕು.

ಸೂರಿನ ಅಲಾರಂ ಸುಮ್ಮಸುಮ್ಮನೆ ಕೂಗಿದರೆ ಕೆಳಗಿಳಿಸಿ ಸಂದಿಗಳ ಸುತ್ತ ಮೆತ್ತನೆ ಬ್ರಷ್ ಇರುವ ವ್ಯಾಕ್ಯೂಮ್ ಆಡಿಸಿ. ಹೊರಗಿನಿಂದ ರಭಸದ ಗಾಳಿ ಊದಿದರೆ ಜಾಲರಿಯ ದೂಳು ಕೋಣೆಯೊಳಗೆ ಸೇರುತ್ತದೆ. ಒಳಗೆ ಒಂದು ಪುಟ್ಟ ಜೇಡ ಸೇರಿಕೊಂಡರೂ ಬೆಳಕು ಚದುರಲು ಅದು ಧಾರಾಳ ಸಾಕು. ನೀರು, ಸಾಬೂನು, ಬಣ್ಣ ಯಾವುದೂ ಮುಟ್ಟಬಾರದು. 30ರಿಂದ 60 ಸೆಕೆಂಡಿಗೊಮ್ಮೆ ಒಂದೇ ಚಿಲಿಪಿಲಿ ಬರುತ್ತಿದ್ದರೆ ಬ್ಯಾಟರಿ ಇಳಿದಿದೆ; ಚಳಿ ಬಿದ್ದಾಗ ಬ್ಯಾಟರಿಯ ವೋಲ್ಟೇಜ್ ಇಳಿಯುವುದರಿಂದ ಇದು ಬೆಳಗಿನ ಜಾವಕ್ಕೇ ಶುರುವಾಗುವುದು ಹೆಚ್ಚು. ಹೊಸ ಬ್ಯಾಟರಿ ಹಾಕಿದ ಮೇಲೂ ನಿಲ್ಲದಿದ್ದರೆ ಹಿಂಬದಿಯ ತಯಾರಿಕೆಯ ದಿನಾಂಕ ನೋಡಿ. ತಯಾರಾದ ದಿನದಿಂದ 10 ವರ್ಷ ಕಳೆದಿದ್ದರೆ ದುರಸ್ತಿ ಬೇಡ, ಬದಲಿಸಿ.

ಅಯಾನು ಅಲಾರಂಗೆ ಈ ಹೊರಗಿನ ಒರೆಸುವಿಕೆ ಬಿಟ್ಟು ಬೇರೆ ದುರಸ್ತಿಯೇ ಇಲ್ಲ. ಪಿಕೋಆಂಪಿಯರ್ ಅಳೆಯುವ ಚಿಪ್‌ನ ಕಾಲಿನ ಸುತ್ತ ಒಂದು ಬೆರಳಚ್ಚಿನ ಜಿಡ್ಡು, ಅದರ ಮೇಲೆ ಸ್ವಲ್ಪ ತೇವ ಕೂತರೂ ಕೋಣೆಯ ಕರೆಂಟಿಗಿಂತ ಸೋರಿಕೆಯೇ ಹೆಚ್ಚಾಗುತ್ತದೆ. ಮುಗಿದ ಅಲಾರಮ್ಮನ್ನು ಒಡೆಯದೆ, ಸುಡದೆ, ತಯಾರಕರಿಗೋ ಇಂಥ ತ್ಯಾಜ್ಯ ಸ್ವೀಕರಿಸುವ ಕೇಂದ್ರಕ್ಕೋ ಇಡಿಯಾಗಿ ಒಪ್ಪಿಸಿ.